ಹಾಲಿನ ಲೆಕ್ಕದ ಎಕ್ಸೆಲ್ ಶೀಟ್ ಎನ್‌ಇ ಕಾಲಂ ತನಕ ಹೋಗಿದೆ, ಹೇಗೆ ಸಂಭಾಳಿಸಲಿ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು. ಹಾಲು ಉತ್ಪಾದಕರ ಸಂಘ, 240 ಸದಸ್ಯರು. ಶೀಟ್‌ನ ಎಡಗಡೆ ಸದಸ್ಯರ ನಂಬರ್, ಹೆಸರು, ಆಮೇಲೆ ಅಂದಕ್ಕೆಂದು ಬಿಟ್ಟ ಒಂದು ಖಾಲಿ ಕಾಲಂ. ಅಲ್ಲಿಂದಾಚೆ ಏಪ್ರಿಲ್ 1ರಿಂದ ದಿನಕ್ಕೆ ಎರಡು ಕಾಲಂ, ಬೆಳಿಗ್ಗೆಗೊಂದು, ಸಂಜೆಗೊಂದು. ಸೆಪ್ಟೆಂಬರ್ 30ಕ್ಕೆ ಎನ್‌ಇ ಕಾಲಂಗೆ ಬಂದು ನಿಂತಿದ್ದೀರಿ. ಹೆಸರಿನ ಮೇಲೆ ಸಾರ್ಟ್ ಮಾಡಿದರೆ ಹೆಸರುಗಳು ಮಾತ್ರ ಅದಲುಬದಲಾಗಿ ಲೀಟರ್ ಇದ್ದಲ್ಲೇ ಉಳಿಯಿತು. ಬಿಟ್ಟುಹೋದ ಸದಸ್ಯರೊಬ್ಬರ ಸಾಲು ಅಳಿಸಿದ್ದಕ್ಕೆ ಮೊತ್ತದ ಜಾಗದಲ್ಲಿ #ರೆಫ್! ಎಂಬ ದೋಷ ಬಂತು.

ಮೊದಲು ಸಾರ್ಟ್ ವಿಷಯ, ಯಾಕೆಂದರೆ ಅದು ತುರ್ತು. ಫೈಲ್ ಇನ್ನೂ ಮುಚ್ಚಿಲ್ಲದಿದ್ದರೆ ಕಂಟ್ರೋಲ್ + ಝಡ್ ಒತ್ತುತ್ತಾ ಹಿಂದಕ್ಕೆ ಹೋಗಿ. ಸೇವ್ ಮಾಡಿ ಮುಚ್ಚಿಬಿಟ್ಟಿದ್ದರೆ ಹಳೆಯ ಪ್ರತಿಯೇ ಗತಿ; ಫೈಲ್ ಒನ್‌ಡ್ರೈವ್‌ನಲ್ಲಿದ್ದರೆ ವರ್ಷನ್ ಹಿಸ್ಟರಿಯಲ್ಲಿ ಸಿಗುತ್ತದೆ. ತಪ್ಪು ಮಾಡಿದ್ದು ಆ ಖಾಲಿ ಕಾಲಂ. ಎಕ್ಸೆಲ್‌ಗೆ ಪೂರ್ತಿ ಖಾಲಿ ಇರುವ ಕಾಲಂ ಅಥವಾ ಸಾಲು ಅಂದರೆ ಗದ್ದೆಯ ಬದು ಇದ್ದಂತೆ, ಅಲ್ಲಿಗೆ ಪಟ್ಟಿ ಮುಗಿಯಿತು ಎಂದು ತಿಳಿಯುತ್ತದೆ. ಸಾರ್ಟ್‌ಗೆ ಮುಂಚೆ ಪಟ್ಟಿಯೊಳಗೆ ಎಲ್ಲಾದರೂ ನಿಂತು ಕಂಟ್ರೋಲ್ + ಶಿಫ್ಟ್ + 8 ಒತ್ತಿ ನೋಡಿ: ಎಲ್ಲಿಯತನಕ ಬಣ್ಣ ಬರುತ್ತದೋ ಅಷ್ಟನ್ನು ಮಾತ್ರ ಅದು ಒಂದೇ ಪಟ್ಟಿ ಎಂದು ಗಣಿಸುತ್ತಿದೆ. ಅಂದ ಬೇಕಿದ್ದರೆ ಗೆರೆ ಎಳೆಯಿರಿ, ಕಾಲಂ ಅಗಲ ಮಾಡಿ. ಖಾಲಿ ಕಾಲಂ ಮಾತ್ರ ಬೇಡ.

#ರೆಫ್! ಬಂದಿದ್ದಕ್ಕೆ ಕಾರಣ, ನೀವು ಮೊತ್ತವನ್ನು ಡಿ3+ಡಿ4+ಡಿ5 ಎಂದು ಒಂದೊಂದೇ ಸೆಲ್ ಕೂಡಿಸಿ ಬರೆದಿರುವುದು. ಅದರಲ್ಲಿ ಒಂದು ಸೆಲ್ ಇರುವ ಸಾಲನ್ನೇ ಅಳಿಸಿದರೆ ಫಾರ್ಮುಲಾಗೆ ದಿಕ್ಕು ತೋಚುವುದಿಲ್ಲ. ಸಮ್ ಫಾರ್ಮುಲಾದಲ್ಲಿ ಡಿ3ರಿಂದ ಡಿ242ರವರೆಗೆ ಎಂದು ವ್ಯಾಪ್ತಿ ಕೊಟ್ಟಿದ್ದರೆ, ಮಧ್ಯದ ಸಾಲು ಹೋದಾಗ ವ್ಯಾಪ್ತಿ ತಾನೇ ಕುಗ್ಗುತ್ತದೆ. ಇದರಷ್ಟೇ ಕಾಟ ಕೊಡುವ ಇನ್ನೊಂದು ವಿಲುಕಪ್, ಅಂದರೆ ಬೇರೆ ಪಟ್ಟಿಯಿಂದ ಹುಡುಕಿ ತರುವ ಫಾರ್ಮುಲಾ. ಅದರಲ್ಲಿ 4ನೇ ಕಾಲಂ ತೆಗೆದುಕೋ ಎಂದು ಅಂಕಿ ಬರೆದಿರುತ್ತೀರಿ. ಮಧ್ಯೆ ಒಂದು ಕಾಲಂ ಸೇರಿಸಿದ ತಕ್ಷಣ 4ನೆಯದು ಬೇರೆಯೇ ಆಗುತ್ತದೆ. ದೋಷವನ್ನೂ ತೋರಿಸದೆ ಸುಮ್ಮನೆ ತಪ್ಪು ಅಂಕಿ ಕೊಡುವುದರಿಂದ ಇದು #ರೆಫ್!ಗಿಂತ ಅಪಾಯ. ಎಕ್ಸೆಲ್ 2021 ಅಥವಾ 365 ಇದ್ದರೆ ಎಕ್ಸ್‌ಲುಕಪ್ ಬಳಸಿ, ಇಲ್ಲದಿದ್ದರೆ ಇಂಡೆಕ್ಸ್ ಜೊತೆ ಮ್ಯಾಚ್.

ಇದೆಲ್ಲ ತೇಪೆ. ನಿಜವಾದ ತೊಂದರೆ ಶೀಟ್ ಬೆಳೆಯುತ್ತಿರುವ ದಿಕ್ಕು. ದಿನದಿನ ಹೆಚ್ಚಾಗುವ ಬಾಬತ್ತು ಕೆಳಕ್ಕೆ ಬೆಳೆಯಬೇಕು, ಕಾಲಂಗಳು ಮೊದಲ ದಿನ ಎಷ್ಟಿದ್ದವೋ ಕೊನೆಯ ದಿನವೂ ಅಷ್ಟೇ ಇರಬೇಕು. ಎಕ್ಸೆಲ್‌ನಲ್ಲಿ ಸಾಲು 10,48,576, ಕಾಲಂ ಬರೀ 16,384. ಹಳೆಯ 2003ರ ಎಕ್ಸೆಲ್‌ನಲ್ಲಂತೂ ಕಾಲಂ 256 ಮಾತ್ರ. ಅದಾಗಿದ್ದರೆ ನಿಮ್ಮ ಲೆಕ್ಕ ಆಗಸ್ಟ್ 5ರ ಬೆಳಿಗ್ಗೆಯ ಹಾಲಿಗೇ ನಿಂತುಬಿಡುತ್ತಿತ್ತು. ಫಿಲ್ಟರ್, ಪಿವಟ್ (ಸಾರಾಂಶ ಪಟ್ಟಿ), ಸಮ್‌ಇಫ್ಸ್ (ಷರತ್ತಿನ ಮೊತ್ತ) ಎಲ್ಲವೂ ಕೆಳಕ್ಕೆ ಓದುವ ಲೆಕ್ಕದಲ್ಲೇ ತಯಾರಾಗಿವೆ. ನಾಳೆ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಕೂಡ ಬರೆಯಬೇಕು ಎಂದಾದರೆ ಈಗಿನ ಶೀಟ್‌ನಲ್ಲಿ ದಿನಕ್ಕೆ ನಾಲ್ಕು ಕಾಲಂ ಹೆಚ್ಚುತ್ತದೆ. ಕೆಳಕ್ಕೆ ಬೆಳೆಯುವ ಶೀಟ್‌ನಲ್ಲಿ ವರ್ಷಕ್ಕೆಲ್ಲ ಸೇರಿ ಎರಡೇ.

ಹೊಸ ಶೀಟ್‌ಗೆ ನಾಲ್ಕು ಕಾಲಂ ಸಾಕು: ದಿನಾಂಕ, ಸರದಿ (ಬೆಳಿಗ್ಗೆಯೋ ಸಂಜೆಯೋ), ಸದಸ್ಯರ ನಂಬರ್, ಲೀಟರ್. ಹೆಸರು ಇಲ್ಲಿ ಬೇಡ. ಹೆಸರು, ಬ್ಯಾಂಕ್ ಖಾತೆ ಇತ್ಯಾದಿ ಬೇರೆ ಶೀಟ್‌ನಲ್ಲಿ, ಒಬ್ಬರಿಗೆ ಒಂದೇ ಸಾಲು. ಎಲ್ಲರೂ ಎರಡೂ ಹೊತ್ತು ಹಾಕಿದರೂ ವರ್ಷಕ್ಕೆ 1,75,200 ಸಾಲು. ಎಕ್ಸೆಲ್ ಇದನ್ನು ಹೊರುತ್ತದೆ, ಪ್ರತಿ ಸಾಲಿಗೂ ಲುಕಪ್ ಹಾಕಿ ಭಾರ ಮಾಡದಿದ್ದರೆ. ಏನೇ ಆದರೂ ಆರ್ಥಿಕ ವರ್ಷಕ್ಕೊಂದು ಫೈಲ್ ಮಾಡುವುದು ಒಳ್ಳೆಯದು.

ಆರು ತಿಂಗಳ ಹಳೆಯ ಲೆಕ್ಕವನ್ನು ಕೈಯಲ್ಲಿ ಬರೆಯಬೇಕಿಲ್ಲ. ಎಕ್ಸೆಲ್ 2016 ಅಥವಾ ಅದರ ಮೇಲಿನದಾದರೆ ಪಟ್ಟಿಯ ರೂಪ ಬದಲಿಸುವ ಪವರ್ ಕ್ವೆರಿ ಎಂಬ ಸಾಧನ ಒಳಗೇ ಇದೆ. ಶೀಟ್‌ನ ಪ್ರತಿ ಮಾಡಿಕೊಂಡು ಪ್ರತಿಯ ಮೇಲೆ ಕೆಲಸ ಮಾಡಿ. ಖಾಲಿ ಕಾಲಂ ಅಳಿಸಿ, ಕೆಳಗೆ ಮೊತ್ತದ ಸಾಲು ಇದ್ದರೆ ಅದನ್ನೂ. ಮೊದಲ ಸಾಲಿನಲ್ಲಿ ದಿನಾಂಕವನ್ನು ಎರಡು ಸೆಲ್ ಮರ್ಜ್ ಮಾಡಿ ಬರೆದಿರುತ್ತೀರಿ, ಅದನ್ನು ಬಿಡಿಸಿ. ಬಿಡಿಸಿದಾಗ ದಿನಾಂಕ ಎಡಗಡೆ ಸೆಲ್‌ನಲ್ಲಿ ಮಾತ್ರ ಉಳಿದು ಬಲಗಡೆಯದು ಖಾಲಿ ಆಗುತ್ತದೆ. ದಿನಾಂಕಗಳಿರುವಷ್ಟು ಸೆಲ್‌ಗಳನ್ನು ಆರಿಸಿ, ಕಂಟ್ರೋಲ್ + ಜಿ, ಸ್ಪೆಷಲ್, ಬ್ಲ್ಯಾಂಕ್ಸ್, ಓಕೆ. ಈಗ = ಒತ್ತಿ, ಎಡ ಬಾಣದ ಕೀ ಒತ್ತಿ, ಕಂಟ್ರೋಲ್ + ಎಂಟರ್. ಎಲ್ಲ ಖಾಲಿ ಸೆಲ್‌ಗಳಿಗೂ ಪಕ್ಕದ ದಿನಾಂಕ ಒಂದೇ ಸಲಕ್ಕೆ ಬರುತ್ತದೆ. ಈ ಒಂದು ಉಪಾಯ ಕಲಿತರೆ ಮರ್ಜ್ ಮಾಡಿ ಹಾಳಾದ ಎಷ್ಟೋ ಶೀಟ್‌ಗಳು ನೇರವಾಗುತ್ತವೆ.

ನಂತರ ಎರಡನೇ ಸಾಲಿನ ಕೆಳಗೆ ಹೊಸ ಸಾಲು ಸೇರಿಸಿ, ಟೆಕ್ಸ್ಟ್ ಫಾರ್ಮುಲಾದಿಂದ ದಿನಾಂಕ ಮತ್ತು ಸರದಿಯನ್ನು ನಡುವೆ ಒಂದು ನಿಲುಗೆರೆ ಇಟ್ಟು ಜೋಡಿಸಿ: 2025-04-01|ಬೆ, 2025-04-01|ಸಂ, ಹೀಗೆ. ಕೊನೆಯ ಕಾಲಂ ತನಕ ಎಳೆಯಬೇಕಿಲ್ಲ, ಫಾರ್ಮುಲಾ ಬರೆದ ಸೆಲ್‌ನಿಂದ ಕೊನೆಯ ದಿನಾಂಕದ ಕಾಲಂ ತನಕ ಆರಿಸಿ ಕಂಟ್ರೋಲ್ + ಆರ್. ಅದನ್ನು ಕಾಪಿ ಮಾಡಿ ಅಲ್ಲೇ ವ್ಯಾಲ್ಯೂಸ್ ಆಗಿ ಪೇಸ್ಟ್ ಮಾಡಿ, ನಂಬರ್ ಮತ್ತು ಹೆಸರಿನ ತಲೆಬರಹವನ್ನೂ ಅದೇ ಸಾಲಿಗೆ ತಂದು, ಮೇಲಿನ ಎರಡು ಸಾಲು ಅಳಿಸಿ.

ಹಾಲು ಹಾಕದ ದಿನ ನೀವು 0 ಅಥವಾ ಅಡ್ಡಗೆರೆ ಬರೆದಿದ್ದರೆ ಈಗಲೇ ಖಾಲಿ ಮಾಡಿ. ಕಂಟ್ರೋಲ್ + ಎಚ್‌ನಲ್ಲಿ 0 ಹುಡುಕಿ ಖಾಲಿಯಿಂದ ಬದಲಿಸಬೇಕು, ಆದರೆ ಆಪ್ಷನ್ಸ್ ತೆರೆದು ಮ್ಯಾಚ್ ಎಂಟೈರ್ ಸೆಲ್ ಕಂಟೆಂಟ್ಸ್ ಎಂಬುದಕ್ಕೆ ಟಿಕ್ ಹಾಕದೆ ಒತ್ತಬೇಡಿ. ಟಿಕ್ ಇಲ್ಲದಿದ್ದರೆ 10.5 ಲೀಟರ್ ಹಾಕಿದವರ ಹಾಲು 1.5 ಆಗುತ್ತದೆ.

ಪಟ್ಟಿಯೊಳಗೆ ನಿಂತು ಕಂಟ್ರೋಲ್ + ಟಿ ಒತ್ತಿ ಟೇಬಲ್ ಮಾಡಿ. ಡೇಟಾ ಮೆನುವಿನಲ್ಲಿ ಫ್ರಮ್ ಟೇಬಲ್ ರೇಂಜ್. ತೆರೆದ ಕಿಟಕಿಯಲ್ಲಿ ನಂಬರ್, ಹೆಸರು ಎರಡು ಕಾಲಂ ಆರಿಸಿ ಬಲ ಕ್ಲಿಕ್, ಅನ್‌ಪಿವಟ್ ಅದರ್ ಕಾಲಮ್ಸ್. ಅಡ್ಡ ಬಿದ್ದಿದ್ದ 366 ಕಾಲಂ ಒಂದೇ ಏಟಿಗೆ ಎದ್ದು ನಿಲ್ಲುತ್ತವೆ. ಖಾಲಿ ಸೆಲ್‌ಗಳು ತಾವೇ ಬಿಟ್ಟುಹೋಗುತ್ತವೆ. ದಿನಾಂಕ-ಸರದಿ ಇರುವ ಕಾಲಂ ಆರಿಸಿ ಸ್ಪ್ಲಿಟ್ ಕಾಲಂ, ಬೈ ಡಿಲಿಮಿಟರ್, ಅದೇ ನಿಲುಗೆರೆ ಕೊಡಿ. ಮೊದಲ ಭಾಗಕ್ಕೆ ಡೇಟ್, ಲೀಟರ್‌ಗೆ ಡೆಸಿಮಲ್ ನಂಬರ್ ಎಂದು ಬಗೆ ಬದಲಿಸಿ. ಲೀಟರ್ ಕಾಲಂನಲ್ಲಿ ಎಲ್ಲಾದರೂ ಎರರ್ ಎಂದು ಬಂದರೆ ಅಲ್ಲಿ ಯಾರೋ ಅಂಕಿಯ ಬದಲು ಅಕ್ಷರ ಬರೆದಿದ್ದಾರೆ ಎಂದು ಅರ್ಥ. ಹೆಸರಿನ ಕಾಲಂ ತೆಗೆದು ಕ್ಲೋಸ್ ಅಂಡ್ ಲೋಡ್.

ಈಗ ಹಳೆಯ ಶೀಟ್‌ನ ಒಟ್ಟು ಲೀಟರ್, ಹೊಸದರ ಒಟ್ಟು ಲೀಟರ್ ತಾಳೆ ಹಾಕಿ. ಒಂದು ಪಾಯಿಂಟ್ ವ್ಯತ್ಯಾಸ ಇದ್ದರೂ ಮುಂದೆ ಹೋಗಬೇಡಿ. ತಾಳೆ ಆದ ಮೇಲೆ ಟೇಬಲ್ ಡಿಸೈನ್‌ನಲ್ಲಿ ಅನ್‌ಲಿಂಕ್ ಒತ್ತಿ. ಇದನ್ನು ಮರೆತರೆ, ಕೆಳಗೆ ಹೊಸದಾಗಿ ಬರೆದ ಸಾಲುಗಳೆಲ್ಲ ಯಾರಾದರೂ ರಿಫ್ರೆಶ್ ಒತ್ತಿದ ದಿನ ಮಾಯ.

“ಪ್ರತಿ ಸಲ ದಿನಾಂಕ, ನಂಬರ್ ಬರೆಯುತ್ತಾ ಕೂರಬೇಕಾ?” ಎಂದು ಕೇಳುತ್ತೀರಿ, ನ್ಯಾಯವೇ. ಸದಸ್ಯರ ಶೀಟ್‌ನಿಂದ 240 ನಂಬರ್ ಕಾಪಿ ಮಾಡಿ ಟೇಬಲ್‌ನ ಕೊನೆಯ ಸಾಲಿನ ಕೆಳಗೆ, ನಂಬರ್ ಕಾಲಂನಲ್ಲಿ ಪೇಸ್ಟ್ ಮಾಡಿ. ಟೇಬಲ್ ತಾನೇ ಉದ್ದವಾಗುತ್ತದೆ. ಪಕ್ಕದ ದಿನಾಂಕದ 240 ಸೆಲ್ ಆರಿಸಿ, ಕಂಟ್ರೋಲ್ + ಸೆಮಿಕೋಲನ್ ಒತ್ತಿದರೆ ಇವತ್ತಿನ ದಿನಾಂಕ, ಆಮೇಲೆ ಕಂಟ್ರೋಲ್ + ಎಂಟರ್. ಸರದಿಗೂ ಹಾಗೆಯೇ. ಉಳಿಯುವುದು ಲೀಟರ್ ಬರೆದು ಎಂಟರ್ ಒತ್ತುತ್ತಾ ಇಳಿಯುವ ಕೆಲಸ, ಅದು ಈಗಲೂ ಇದ್ದದ್ದೇ.

ದಿನಾಂಕದಲ್ಲಿ ಒಂದು ಗುಂಡಿ ಇದೆ. ವಿಂಡೋಸ್‌ನ ರೀಜನ್ ಅಮೆರಿಕ ಎಂದಿದ್ದರೆ 05/06 ಎಂದು ಬರೆದದ್ದು ಮೇ 6 ಆಗುತ್ತದೆ, 13/06 ದಿನಾಂಕವೇ ಆಗದೆ ಅಕ್ಷರವಾಗಿ ಸೆಲ್‌ನ ಎಡಕ್ಕೆ ಅಂಟಿಕೊಳ್ಳುತ್ತದೆ. ಒಂದೇ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಇದೇ ರೋಗ. ರೀಜನ್ ಅನ್ನು ಇಂಡಿಯಾ ಮಾಡಿ. ಆದರೆ ಆಗಲೇ ಮೇ 6 ಆಗಿ ಕೂತದ್ದು ಇದರಿಂದ ಸರಿಹೋಗುವುದಿಲ್ಲ, ಅದನ್ನು ತಿದ್ದಿಯೇ ಬರೆಯಬೇಕು.

ಬಟವಾಡೆಗೆ ನಿಮಗೆ ಹಳೆಯ ಅಡ್ಡ ಪಟ್ಟಿಯೇ ಬೇಕು ಅಲ್ಲವೇ? ಪಿವಟ್ ಟೇಬಲ್ ಹಾಕಿ, ನಂಬರನ್ನು ರೋಸ್‌ಗೆ, ದಿನಾಂಕವನ್ನೂ ಅದರ ಕೆಳಗೆ ಸರದಿಯನ್ನೂ ಕಾಲಮ್ಸ್‌ಗೆ, ಲೀಟರನ್ನು ವ್ಯಾಲ್ಯೂಸ್‌ಗೆ ಎಳೆದರೆ ಅದೇ ರೂಪ ವಾಪಸ್ ಬರುತ್ತದೆ, ಬೇಕಾದ 15 ದಿನಕ್ಕೆ ಫಿಲ್ಟರ್ ಹಾಕಬಹುದು. ಹೊಸ ಸಾಲು ಬರೆದ ಮೇಲೆ ಪಿವಟ್ ಒಳಗೆ ನಿಂತು ಆಲ್ಟ್ + ಎಫ್5 ಒತ್ತಿ ರಿಫ್ರೆಶ್ ಮಾಡದೆ ಪ್ರಿಂಟ್ ಕೊಡಬೇಡಿ, ಪಿವಟ್ ಹಳೆಯದನ್ನೇ ತೋರಿಸುತ್ತಿರುತ್ತದೆ.

ಇನ್ನು ಕೈಗೆ ಹತ್ತಬೇಕಾದ ಕೀಗಳು. ಶಿಫ್ಟ್ + ಸ್ಪೇಸ್ ಸಾಲನ್ನು, ಕಂಟ್ರೋಲ್ + ಸ್ಪೇಸ್ ಕಾಲಂ ಅನ್ನು ಆರಿಸುತ್ತದೆ. ಆಮೇಲೆ ಕಂಟ್ರೋಲ್ + ಮೈನಸ್ ಅಳಿಸುತ್ತದೆ, ಕಂಟ್ರೋಲ್ + ಶಿಫ್ಟ್ + ಪ್ಲಸ್ ಸೇರಿಸುತ್ತದೆ. ಕಾಲಂ ಜಾಗ ಬದಲಿಸಲು ಕಟ್ ಪೇಸ್ಟ್ ಬೇಡ, ಆರಿಸಿ ಅಂಚು ಹಿಡಿದು ಶಿಫ್ಟ್ ಒತ್ತಿಕೊಂಡೇ ಎಳೆಯಿರಿ, ಮಧ್ಯೆ ನುಸುಳುತ್ತದೆ. ##### ಕಂಡರೆ ಹೆದರಬೇಡಿ, ಸಾಮಾನ್ಯವಾಗಿ ಕಾಲಂನ ಅಗಲ ಸಾಲದಾಗಿದೆ ಅಷ್ಟೇ. ತಲೆಯ ಗಡಿಗೆರೆ ಮೇಲೆ ಡಬಲ್ ಕ್ಲಿಕ್.

ಹೈಡ್ ಮಾಡಿದ ಸಾಲುಗಳ ಬಗ್ಗೆ ಎಚ್ಚರ. ಸಮ್ ಅವನ್ನೂ ಕೂಡಿಸುತ್ತದೆ. ಸಬ್‌ಟೋಟಲ್‌ನಲ್ಲಿ 9 ಹಾಕಿದರೆ ಫಿಲ್ಟರ್‌ನಿಂದ ಮರೆಯಾದವು ಮಾತ್ರ ಬಿಟ್ಟುಹೋಗುತ್ತವೆ, 109 ಹಾಕಿದರೆ ಕೈಯಿಂದ ಹೈಡ್ ಮಾಡಿದವೂ ಸಹ. ಹಾಗೆ ಕೈಯಿಂದ ಹೈಡ್ ಮಾಡಿದ್ದರೆ ಕಾಪಿ ಮಾಡುವ ಮುಂಚೆ ಆಲ್ಟ್ + ಸೆಮಿಕೋಲನ್ ಒತ್ತಿ, ಇಲ್ಲದಿದ್ದರೆ ಬಚ್ಚಿಟ್ಟದ್ದೂ ಜೊತೆಗೆ ಹೋಗುತ್ತದೆ.

ಸದಸ್ಯರ ಪಟ್ಟಿಯನ್ನು ಹಾಲಿನ ಟೇಬಲ್ ಪಕ್ಕದಲ್ಲೇ, ಅದೇ ಶೀಟ್‌ನಲ್ಲಿ ಇಡಬೇಡಿ. ಹಾಲಿನ ಒಂದು ಸಾಲನ್ನು ಪೂರ್ತಿ ಅಳಿಸಿದಾಗ ಅದೇ ನೇರಕ್ಕಿರುವ ಸದಸ್ಯರೂ ಹೋಗುತ್ತಾರೆ, ಮತ್ತು ಅದು ಗೊತ್ತಾಗುವುದು ಬಟವಾಡೆ ದಿನ ಅವರು ಬಂದು ಕೇಳಿದಾಗಲೇ.

ಕೊನೆಯದಾಗಿ, ಹೆಸರುಗಳನ್ನು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಬರೆದಿದ್ದರೆ ಅಕಾರಾದಿ ಸಾರ್ಟ್ ಸರಿಬರುವುದಿಲ್ಲ. ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಎಕ್ಸೆಲ್ ಸಾರ್ಟ್ ಮಾಡುವುದು ಅದನ್ನು. 240 ಹೆಸರನ್ನು ಒಮ್ಮೆ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಅಲ್ಲಿಯತನಕ ಸಾರ್ಟ್ ಮಾಡುವುದಿದ್ದರೆ ಸದಸ್ಯರ ನಂಬರ್ ಮೇಲೆ ಮಾಡಿ.