ಹಿಮಾಲಯನ್ 411ಕ್ಕೆ 16 ಹಲ್ಲಿನ ಸ್ಪ್ರಾಕೆಟ್: ಹಾಕಿದೆ, ಓಡಿಸಿದೆ, ತೆಗೆದೆ

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್ ಇದೆ, ಹೈವೇಯಲ್ಲಿ 100 ದಾಟಿದರೆ ಹ್ಯಾಂಡಲ್ ಜುಮ್ ಅನ್ನುತ್ತದೆ, ಮುಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) 15 ಹಲ್ಲಿನದು ತೆಗೆದು 16 ಅಥವಾ 17 ಹಾಕಿಸಿದರೆ ಗಾಡಿ ಹಗುರಾಗಿ ಓಡುತ್ತಾ, ಟಾಪ್ ಸ್ಪೀಡ್ ಜಾಸ್ತಿ ಆಗುತ್ತಾ. ನಾನೂ ಇದೇ ಆಸೆಯಿಂದ 16 ಹಾಕಿದೆ. ಏಳು ತಿಂಗಳು ಓಡಿಸಿದೆ. ಈಗ ಮತ್ತೆ 15ಕ್ಕೆ ಬಂದಿದ್ದೇನೆ.

ಮೊದಲು ಲೆಕ್ಕ ನೋಡಿ. ಕಂಪನಿಯಿಂದ ಬರುತ್ತಿದ್ದದ್ದು ಮುಂದೆ 15, ಹಿಂದೆ 38. ಅಂದರೆ ಮುಂದಿನದು 2.53 ಸುತ್ತು ತಿರುಗಿದರೆ ಹಿಂದಿನ ಚಕ್ರ ಒಂದು ಸುತ್ತು. 16 ಹಾಕಿದರೆ ಅದು 2.375 ಆಗುತ್ತದೆ, ಅಂದರೆ ಅದೇ ಸ್ಪೀಡಿಗೆ ಎಂಜಿನ್ ಶೇ. 6ರಷ್ಟು ನಿಧಾನ ತಿರುಗುತ್ತದೆ. ನನ್ನ ಗಾಡಿಯಲ್ಲಿ 100ಕ್ಕೆ ಆರ್‌ಪಿಎಮ್ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮುಳ್ಳು 5,500ರ ಹತ್ತಿರ ನಿಲ್ಲುತ್ತಿತ್ತು, ಬದಲಾಯಿಸಿದ ಮೇಲೆ 350 ಕಡಿಮೆ. ಕೇಳೋಕೆ ಚೆನ್ನಾಗಿದೆ. ಇನ್ನೊಂದು ಥರ ಹೇಳಿದರೆ, 15ರಲ್ಲಿ 90 ಓಡಿಸುವಾಗ ಎಂಜಿನ್ ಎಷ್ಟು ತಿರುಗುತ್ತದೋ 16ರಲ್ಲಿ 96ಕ್ಕೆ ಅಷ್ಟೇ ತಿರುಗುತ್ತದೆ. ಒಂದು ಹಲ್ಲಿಗೆ ಸಿಗುವುದು 6 ಕಿಲೋಮೀಟರ್. 300 ಕಿಲೋಮೀಟರ್ ದಾರಿಯಲ್ಲಿ ಉಳಿಯುವುದು ಹನ್ನೆರಡು ನಿಮಿಷ, ಅದೂ ಎಲ್ಲೂ ಬ್ರೇಕ್ ಹಿಡಿಯದೆ ಹೋದರೆ. ಒಂದು ಕಾಫಿಗೆ ನಿಂತರೆ ಮುಗೀತು.

ಟಾಪ್ ಸ್ಪೀಡ್ ವಿಷಯ ಮರೆತುಬಿಡಿ. ಈ ಎಂಜಿನ್ ಕೊಡುವುದು ಸುಮಾರು 24 ಹಾರ್ಸ್‌ಪವರ್, ಅದೂ 6,500 ಆರ್‌ಪಿಎಮ್‌ನಲ್ಲಿ. ಗಾಳಿಯನ್ನು ಸೀಳಿಕೊಂಡು ಹೋಗೋಕೆ ಶಕ್ತಿ ಬೇಕು, ಹಲ್ಲು ಬದಲಾಯಿಸಿದರೆ ಶಕ್ತಿ ಹುಟ್ಟುವುದಿಲ್ಲ. ಐದನೇ ಗೇರ್ ಇನ್ನಷ್ಟು ಭಾರ ಮಾಡಿದರೆ ಎಂಜಿನ್ ಆ 6,500ಕ್ಕೆ ತಲುಪುವುದೇ ಇಲ್ಲ, ಆಗ ಟಾಪ್ ಸ್ಪೀಡ್ ಇಳಿದರೂ ಇಳಿಯಬಹುದು.

ಇದು ನನಗೆ ಅರ್ಥ ಆಗಿದ್ದು ಚಿತ್ರದುರ್ಗದ ಹತ್ತಿರ. ಆಷಾಢ ಮಾಸ, ಹುಬ್ಬಳ್ಳಿಗೆ ಹೊರಟಿದ್ದೆವು, ಹಿಂದೆ ಹೆಂಡತಿ, ಎರಡೂ ಕಡೆ ಬ್ಯಾಗು. ತುಮಕೂರು ದಾಟಿ ಶಿರಾದವರೆಗೆ ಗಾಡಿ ಬೆಣ್ಣೆ ಥರ ಹೋಯಿತು, ಹ್ಯಾಂಡಲ್ ಜುಮ್ ಅನ್ನುವುದು ನಿಜವಾಗಿಯೂ ಕಡಿಮೆ ಆಗಿತ್ತು, ನಾನು ಒಳಗೊಳಗೇ ಬೀಗುತ್ತಿದ್ದೆ. ಹಿರಿಯೂರು ದಾಟಿದ ಮೇಲೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣೋಕೆ ಶುರುವಾದವು. ಅವನ್ನು ಸುಮ್ನೆ ಅಲ್ಲಿ ನಿಲ್ಲಿಸಿಲ್ಲ ನೋಡಿ. ಎದುರುಗಾಳಿ ಎಂಥದ್ದು ಅಂದರೆ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದಿದ್ದೇನೆ, ಸ್ಪೀಡಿನ ಮುಳ್ಳು 98, 94, 90, ಆಮೇಲೆ ಒಂದು ಸಣ್ಣ ಏರು ಬಂತು, 84. ಹಿಂದಿನಿಂದ ಹೆಂಡತಿ ಹೆಗಲು ತಟ್ಟಿ, “ಯಾಕ್ರೀ, ಗಾಡಿಗೆ ಹುಷಾರಿಲ್ವಾ?” ಅಂದಳು. ನಾಲ್ಕನೇ ಗೇರಿಗೆ ಇಳಿಸಿದೆ. ಆಗ ಎಂಜಿನ್ ತಿರುಗಿದ್ದು 15ರ ಐದನೇ ಗೇರಲ್ಲಿ ತಿರುಗುವುದಕ್ಕಿಂತ ಜಾಸ್ತಿ! ದುಡ್ಡು ಕೊಟ್ಟು ಐದನೇ ಗೇರನ್ನೇ ಕಳೆದುಕೊಂಡ ಹಾಗಾಯಿತು.

ಘಾಟಿಯಲ್ಲಿ ಇನ್ನೊಂದು ರಗಳೆ. ಆಗುಂಬೆಯ 14 ತಿರುವುಗಳನ್ನು ಹತ್ತುವಾಗ ಮೊದಲು ಎರಡನೇ ಗೇರಲ್ಲೇ ಹೋಗುತ್ತಿದ್ದೆ. 16 ಹಾಕಿದ ಮೇಲೆ ಬಿಗಿ ತಿರುವಿನಲ್ಲಿ ಎರಡನೇ ಗೇರ್ ಗುದ್ದೋಕೆ ಶುರು ಮಾಡುತ್ತದೆ, ಮೊದಲನೆಯದಕ್ಕೆ ಇಳಿಸಿದರೆ ಕಿರುಚುತ್ತದೆ, ಮಧ್ಯೆ ಬಸ್ಸು ಬಂದು ನಿಂತರೆ ಕ್ಲಚ್ ಅರ್ಧ ಹಿಡಿದು ಎಳೆಸಬೇಕು. ಡಬಲ್ಸ್, ಲಗೇಜು ಎಲ್ಲಾ ಸೇರಿ ಗಾಡಿಯ ತೂಕ 350 ಕೆಜಿ ಹತ್ತಿರ ಬರುತ್ತದೆ, ಪಾಪ ಕ್ಲಚ್ ಪ್ಲೇಟಿನದೇನು ತಪ್ಪು. ಬೆಂಗಳೂರು ಟ್ರಾಫಿಕ್‌ನಲ್ಲೂ ಇದೇ ಕಥೆ. ಮೈಲೇಜ್ ಬಗ್ಗೆ ಕೇಳುವ ಮೊದಲೇ ಹೇಳುತ್ತೇನೆ, ಫುಲ್ ಟ್ಯಾಂಕ್ ಮಾಡಿಸಿ ನಾಲ್ಕು ಸಲ ನೋಡಿದೆ, ನನಗೆ ವ್ಯತ್ಯಾಸ ಕಾಣಲಿಲ್ಲ.

17 ಬೇಡವೇ ಬೇಡ. ಅದು ಶೇ. 12ರಷ್ಟು ಬದಲಾವಣೆ.

ಆದರೆ ನೀವು ಯಾವಾಗಲೂ ಒಬ್ಬರೇ ಹೋಗುವವರು, ಲಗೇಜ್ ಕಡಿಮೆ, ದಾರಿ ಎಲ್ಲಾ ಸಪಾಟು ಹೈವೇ ಅಂದರೆ 16 ಕೆಟ್ಟದ್ದಲ್ಲ, ಒಬ್ಬನೇ ಹೋದಾಗ ನನಗೂ ಇಷ್ಟವಾಗಿತ್ತು. ಮಧ್ಯದ ದಾರಿಯೂ ಇದೆ: ಮುಂದೆ ಒಂದು ಹಲ್ಲು ಅಂದರೆ ಹಿಂದೆ ಎರಡೂವರೆ ಹಲ್ಲಿನ ಲೆಕ್ಕ, ಹಾಗಾಗಿ ಮುಂದಿನದು 15 ಬಿಟ್ಟು ಹಿಂದೆ 37 ಹಾಕಿದರೆ ಬದಲಾವಣೆ ಶೇ. 2.6 ಮಾತ್ರ. ಹಿಂದಿನದು ಸಿಗುವುದು ಕಷ್ಟ, ದುಬಾರಿ ಕೂಡ. ಇನ್ನು ನನ್ನ ಗೆಳೆಯನೊಬ್ಬ ಉಲ್ಟಾ ಮಾಡಿದ್ದಾನೆ. ಅವನದು ಕೆಟಿಎಂ 390 ಅಡ್ವೆಂಚರ್, ಮುಂದೆ 15, ಹಿಂದೆ 45 ಬಂದಿತ್ತು, ಅವನು ಮುಂದೆ 14 ಹಾಕಿಸಿದ. ಆ ಎಂಜಿನ್ನಿನ ಜೀವ ಇರುವುದೇ ಮೇಲೆ, 7,000ದ ಹತ್ತಿರ, ಕಲ್ಲುಮಣ್ಣಿನ ದಾರಿಯಲ್ಲಿ ನಿಧಾನ ಹೋಗುವಾಗ ಒಂದು ಹಲ್ಲು ಕಡಿಮೆ ಇದ್ದರೆ ಎಳೆತ ಚೆನ್ನಾಗಿರುತ್ತದೆ. ನೀವು ಲಡಾಖ್ ಕಡೆ ಡಬಲ್ಸ್ ಹೋಗುವ ಪ್ಲಾನ್ ಇದ್ದರೆ ಯೋಚಿಸಬೇಕಾದ್ದೂ 14ರ ಬಗ್ಗೆಯೇ, ಏಕೆಂದರೆ 5,000 ಮೀಟರ್ ಮೇಲೆ ಗಾಳಿ ತೆಳು, ಎಂಜಿನ್ನಿನ ದಮ್ಮೂ ಅಷ್ಟೇ.

ಹಾಕಿಸುವುದೇ ಆದರೆ ಒಂದೆರಡು ಮಾತು. ಚೈನ್ ಬಿಗಿ ಇರುವಾಗಲೇ, ಯಾರಾದರೂ ಹಿಂದಿನ ಬ್ರೇಕ್ ಒತ್ತಿ ಹಿಡಿದಾಗ ಮುಂದಿನ ಸ್ಪ್ರಾಕೆಟಿನ ನಟ್ ಸಡಿಲ ಮಾಡಿ. ನಾನು ಚೈನ್ ಸಡಿಲ ಮಾಡಿಕೊಂಡು ಆಮೇಲೆ ನಟ್ ತಿರುಗಿಸೋಕೆ ಹೋಗಿ ಒಂದು ಗಂಟೆ ಒದ್ದಾಡಿದೆ. ಕವರ್ ಬಿಚ್ಚಿದರೆ ಒಳಗೆ ಚೈನ್ ಲ್ಯೂಬು, ಧೂಳು, ಮಳೆಗಾಲದ ಮಣ್ಣು ಸೇರಿ ಹೋಳಿಗೆ ಹೂರಣದ ಥರ ಕಪ್ಪಗೆ ಮೆತ್ತಿರುತ್ತದೆ, ಚಮಚದಲ್ಲಿ ಕೆರೆದು ತೆಗೆದೆ (ಚಮಚ ಮನೆಯದೇ, ಆ ವಿಷಯ ಇಲ್ಲಿ ಬೇಡ). 16 ಕೂತ ಮೇಲೆ ಹಿಂದಿನ ಚಕ್ರ ಸುಮಾರು 4 ಮಿಲಿಮೀಟರ್ ಮುಂದಕ್ಕೆ ಬರಬೇಕಾಗುತ್ತದೆ. ಚಕ್ರದ ಎರಡೂ ಕಡೆ ಇರುವ ಚೈನ್ ಅಡ್ಜಸ್ಟರಿನ ಗುರುತು ಸಮ ಇರಲಿ. ಕವರ್ ಹಾಕುವ ಮುಂಚೆ ಚಕ್ರ ಕೈಯಲ್ಲಿ ತಿರುಗಿಸಿ, ಚೈನ್ ಎಲ್ಲಾದರೂ ತಾಗುತ್ತಾ ನೋಡಿ. ಹಳೇ ಚೈನ್ ಸವೆದು ಉದ್ದ ಆಗಿದ್ದರೆ ಹೊಸ ಸ್ಪ್ರಾಕೆಟ್ ಮಾತ್ರ ಹಾಕಬೇಡಿ, ಹೊಸ ಹಲ್ಲೂ ಬೇಗ ಕೊಕ್ಕೆ ಥರ ಬಾಗುತ್ತದೆ. ಹಾಕುವ ಮುಂಚೆ ಮತ್ತು ಆಮೇಲೆ ಫೋನಿನ ಜಿಪಿಎಸ್ ಜೊತೆ ಸ್ಪೀಡೋಮೀಟರ್ ಹೋಲಿಸಿ ನೋಡಿ.

ಹಾಂ, ಜುಮ್ ಅನ್ನುವುದಕ್ಕೆ ಗೇರಿಂಗೇ ಕಾರಣ ಅಂತ ಈಗಲೇ ಅಂದುಕೊಳ್ಳಬೇಡಿ. ಗಾಡಿ ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ನಿಧಾನ ತಿರುಗಿಸುತ್ತಾ ಚೈನ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇದೆಯಾ ನೋಡಿ. ನನ್ನದರಲ್ಲಿ ಹಾಗೇ ಇತ್ತು. 15ಕ್ಕೆ ವಾಪಸ್ ಬರುವಾಗ ಚೈನ್ ಸೆಟ್ ಪೂರ್ತಿ ಹೊಸದು ಹಾಕಿಸಿದೆ, ಅರ್ಧಕ್ಕರ್ಧ ನಡುಕ ಅದರಲ್ಲೇ ಹೋಯಿತು.

ಇನ್ನೂ ಅನುಮಾನ ಇದ್ದರೆ ಮುಂದಿನ ಟೂರಿನಲ್ಲಿ, ಇಬ್ಬರೂ ಕೂತು, ಲಗೇಜ್ ಕಟ್ಟಿಕೊಂಡು, ನೆಲಮಂಗಲದಿಂದ ಹಾಸನದವರೆಗೆ ಎಷ್ಟು ಸಲ ಐದರಿಂದ ನಾಲ್ಕಕ್ಕೆ ಇಳಿಸಬೇಕಾಯಿತು ಅಂತ ಎಣಿಸಿ ನೋಡಿ. ಬೆರಳು ಮಡಚಿ ಎಣಿಸುವಷ್ಟಿದ್ದರೆ 16 ಹಾಕಿಸಿ. ಲೆಕ್ಕ ತಪ್ಪಿಹೋಗುವಷ್ಟಿದ್ದರೆ ಬೇಡ, ಆ ದುಡ್ಡಲ್ಲಿ ಒಳ್ಳೆ ಚೈನ್ ಹಾಕಿಸಿ 90ರಲ್ಲಿ ಆರಾಮಾಗಿ ಹೋಗಿ.