ನ್ಯೂಟ್ರಿನೊ ಸಿಮ್ಯುಲೇಶನ್‌ನಲ್ಲಿ ನನ್ನ ನೆಟ್‌ವರ್ಕ್ 99% ಸರಿ ಹೇಳುತ್ತಿದೆ, ನಂಬಬಹುದೇ?

ಜಪಾನಿನ ನ್ಯೂಟ್ರಿನೊ ಪತ್ತೆಯಂತ್ರ ಸೂಪರ್-ಕಾಮಿಯೊಕಾಂಡೆ ತರಹದ ನೀರಿನ ತೊಟ್ಟಿಯನ್ನು ಕಣಗಳ ಓಟ ಅನುಕರಿಸುವ ಜಿಯಾಂಟ್4 ತಂತ್ರಾಂಶದಲ್ಲಿ ಕಟ್ಟಿ, ಎಲೆಕ್ಟ್ರಾನ್, ಮ್ಯೂಯಾನ್ (ಎಲೆಕ್ಟ್ರಾನಿನಂಥದ್ದೇ, ಆದರೆ ಭಾರದ ಕಣ) ಎರಡನ್ನೂ 0–1000 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಚಲನಶಕ್ತಿಯಲ್ಲಿ ಹಾರಿಸಿ, ಚಿತ್ರ ಗುರುತಿಸುವ ನ್ಯೂರಲ್ ನೆಟ್‌ವರ್ಕ್ ಆದ ಸಿಎನ್‌ಎನ್‌ಗೆ ಯಾವುದು ಯಾವ ಕಣ ಎಂದು ಹೇಳಲು ಕಲಿಸಿದ್ದೀರಿ. 99% ಅಸಾಧ್ಯವೇನಲ್ಲ. ಆದರೆ ಅದು ಏನನ್ನು ನೋಡಿ ಹೇಳುತ್ತಿದೆ?

ನಮ್ಮ ಶಿವಮೊಗ್ಗದ ಕಡೆಯ ಮಾತಲ್ಲೇ ಹೇಳುವುದಾದರೆ, ರಾಶಿ ಅಡಿಕೆಯ ಫೋಟೊಗಳನ್ನೆಲ್ಲ ಗೋಣಿಚೀಲದ ಮೇಲೆ, ಇನ್ನೊಂದು ಬಗೆಯಾದ ಬೆಟ್ಟೆ ಅಡಿಕೆಯದನ್ನೆಲ್ಲ ಅಂಗಳದಲ್ಲಿ ತೆಗೆದರೆ ಯಂತ್ರ ಗುರುತಿಸಲು ಕಲಿಯುವುದು ಗೋಣಿಯನ್ನು. ಇಲ್ಲಿ ಗೋಣಿ ಎಂದರೆ ಒಟ್ಟು ಬೆಳಕು. ನೀರಿನಲ್ಲಿ ಚೆರೆಂಕೋವ್ ಬೆಳಕು (ನೀರಿನಲ್ಲಿ ಬೆಳಕಿಗಿಂತ ವೇಗವಾಗಿ ಓಡುವ ಆವೇಶಿತ ಕಣ ಚೆಲ್ಲುವ, ತೊಟ್ಟಿಯ ಗೋಡೆಯ ಮೇಲೆ ಉಂಗುರವಾಗಿ ಬೀಳುವ ಬೆಳಕು) ಹೊಮ್ಮಲು ಎಲೆಕ್ಟ್ರಾನಿಗೆ 0.26 ಎಂಇವಿ ಸಾಕು, ಮ್ಯೂಯಾನಿಗೆ ಸುಮಾರು 54 ಬೇಕು. ಹಾಗಾಗಿ ಅಷ್ಟೇ ಶಕ್ತಿಯ ಮ್ಯೂಯಾನ್ ಕಡಿಮೆ ಬೆಳಕು ಕೊಡುತ್ತದೆ, ಬೆಳಕಿನ ಮೊತ್ತ ನೋಡಿಯೇ ನೆಟ್‌ವರ್ಕ್ ಉತ್ತರ ಹೇಳಿಬಿಡಬಹುದು. ನೆಟ್‌ವರ್ಕ್ ನೋಡಬೇಕಾದ್ದು ಉಂಗುರದ ಅಂಚನ್ನು: ಮ್ಯೂಯಾನಿನದು ಚೂಪು, ಎಲೆಕ್ಟ್ರಾನ್ ಶವರ್ (ಮರಿಕಣಗಳ ಸುರಿಮಳೆ) ಎಬ್ಬಿಸುವುದರಿಂದ ಅದರದು ಮಸುಕು.

ಎರಡೂ ಗುಂಪಿಗೆ ಒಟ್ಟು ಫೋಟೊಎಲೆಕ್ಟ್ರಾನ್‌ಗಳ (ಅಂದರೆ ಸಂವೇದಕಗಳಿಗೆ ಸಿಕ್ಕ ಬೆಳಕಿನ ಲೆಕ್ಕದ) ಹಿಸ್ಟೋಗ್ರಾಮ್ ಬಿಡಿಸಿ, ಪ್ರತಿ ಬಿನ್ನಿನಲ್ಲೂ ಹೆಚ್ಚಿಗೆ ಇರುವ ಇವೆಂಟುಗಳನ್ನು ತೆಗೆದು ಸಮ ಮಾಡಿ. ಆಮೇಲೆ ಆ ಒಂದೇ ಸಂಖ್ಯೆ ಕೊಟ್ಟು ಪುಟ್ಟ ಮಾಡೆಲ್ ಓಡಿಸಿ. ಅದರ ಸರಿಯುತ್ತರ 50%ರ ಆಸುಪಾಸಿಗೆ, ಅಂದರೆ ಬರೀ ಊಹೆಯ ಮಟ್ಟಕ್ಕೆ, ಇಳಿಯಲೇಬೇಕು. ಮ್ಯೂಯಾನ್ 2.2 ಮೈಕ್ರೊಸೆಕೆಂಡಿನ ಸರಾಸರಿ ಆಯುಸ್ಸಿನಲ್ಲಿ ಒಡೆದು ಎಲೆಕ್ಟ್ರಾನ್ ಬಿಡುತ್ತದಲ್ಲ, ಆ ತಡವಾದ ಹಿಟ್‌ಗಳೂ ಗುಟ್ಟು ಬಿಟ್ಟುಕೊಡುತ್ತವೆ. ಮೊದಲ ಕೆಲವು ನೂರು ನ್ಯಾನೊಸೆಕೆಂಡುಗಳನ್ನಷ್ಟೇ ಇಟ್ಟುಕೊಳ್ಳಿ.

ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸಾಲನ್ನು ಶುರುಮಾಡುವ ಸಂಖ್ಯೆ) ಕೊಡದಿದ್ದರೆ ಜಿಯಾಂಟ್4 ಪ್ರತಿ ಸಲವೂ ಅದೇ ಸೀಡಿನಿಂದ ಶುರುವಾಗುತ್ತದೆ. ನಾಲ್ಕು ಟರ್ಮಿನಲ್‌ನಲ್ಲಿ ಒಂದೇ ಮ್ಯಾಕ್ರೊ (ಆಜ್ಞೆಗಳ ಫೈಲ್) ಓಡಿಸಿದ್ದರೆ ಅವೇ ಇವೆಂಟುಗಳು ನಾಲ್ಕು ಸಲ ಬಂದು, ಕಲಿಕೆಯವೇ ಪರೀಕ್ಷೆಯಲ್ಲೂ ಕೂತಿರುತ್ತವೆ. ಪ್ರತಿ ಓಟಕ್ಕೂ ಸೆಟ್‌ಸೀಡ್ಸ್ ಆಜ್ಞೆಯಲ್ಲಿ ಬೇರೆ ಬೇರೆ ಸಂಖ್ಯೆ ಕೊಡಿ.

ಸಿಮ್ಯುಲೇಶನ್ ನಿಧಾನ ಎಂದಿರಿ, ಅದಕ್ಕೆ ಕಾರಣ ಫೋಟಾನುಗಳ ರಾಶಿ. ಕಣ ಓಡುವ ಒಂದೊಂದು ಸೆಂಟಿಮೀಟರಿಗೆ 300–600 ನ್ಯಾನೊಮೀಟರ್ ನಡುವೆ ಸುಮಾರು 340 ಫೋಟಾನ್ ಹುಟ್ಟುತ್ತವೆ; 500 ಎಂಇವಿ ಮ್ಯೂಯಾನ್ ಎರಡು ಮೀಟರಿಗೂ ಮಿಕ್ಕಿ ಓಡುತ್ತದೆ. ಪಿಎಂಟಿಯ (ಬೆಳಕು ಹಿಡಿಯುವ ಸಂವೇದಕ) ಗರಿಷ್ಠ ಕ್ವಾಂಟಮ್ ಎಫಿಶಿಯೆನ್ಸಿ (ಬಿದ್ದ ಫೋಟಾನುಗಳಲ್ಲಿ ಸಂಕೇತವಾಗುವ ಪಾಲು) 25% ಇಟ್ಟಿದ್ದರೆ ಮುಕ್ಕಾಲು ಪಾಲು ಫೋಟಾನುಗಳನ್ನು ಹುಟ್ಟಿದಲ್ಲೇ ಬಿಸಾಡಿ. ಉಳಿದವು ಪಿಎಂಟಿ ತಲುಪಿದಾಗ ಎಫಿಶಿಯೆನ್ಸಿಯನ್ನು ಆ ಗರಿಷ್ಠದಿಂದ ಭಾಗಿಸಿ ಬಳಸಿ, ಇಲ್ಲವಾದರೆ ಎರಡು ಸಲ ಕಳೆದಂತಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ, 500 ಇವೆಂಟಿಗೊಂದು ಫೈಲ್ ಮುಚ್ಚುತ್ತಿರಿ.

ಇಷ್ಟಾದ ಮೇಲೆ ಆವೇಶವಿಲ್ಲದ ಕಣಗಳಾದ ತಟಸ್ಥ ಪಯಾನ್‌ಗಳನ್ನೂ ಸೇರಿಸಿ. ಅದು ಒಡೆದು ಬರುವ ಎರಡು ಗಾಮಾ ಕಿರಣಗಳ ಉಂಗುರಗಳು ಒಂದರ ಮೇಲೊಂದು ಕೂತರೆ ಥೇಟ್ ಎಲೆಕ್ಟ್ರಾನ್ ಹಾಗೇ ಕಾಣುತ್ತದೆ. ನೆಟ್‌ವರ್ಕ್ ನಿಜವಾಗಿ ಬೇಕಾಗುವುದು ಅಲ್ಲಿ.