ಸಿಂಧನೂರಿನ ಕಡೆ ‘ಕ್ಯಾಂಪ್’ ಅಂದರೆ ಯಾವ ಕ್ಯಾಂಪ್?

ಸಿಂಧನೂರಿಗೆ ವರ್ಗವಾಗಿದೆ, ನಕ್ಷೆ ತೆಗೆದರೆ ಎಲ್ಲಿ ನೋಡಿದರೂ ‘ಕ್ಯಾಂಪ್’ ಅಂತಿದೆ, ಅಲ್ಲೇನು ಮಿಲಿಟರಿಯವರು ಇದ್ದಾರಾ ಅಂತ ಕೇಳಿದ್ದೀರಿ. ಇಲ್ಲ ಬಿಡಿ. ಆ ಕ್ಯಾಂಪ್ ಬೇಕಿದ್ದರೆ ಬೆಳಗಾವಿಗೆ ಹೋಗಬೇಕು. ಅಲ್ಲಿ ಕ್ಯಾಂಪ್ ಅಂದರೆ ದಂಡು ಪ್ರದೇಶ. ನಮ್ಮ ರಾಯಚೂರೂ ಗಡಿ ಜಿಲ್ಲೆಯೇ, ಆದರೆ ಇಲ್ಲಿನ ಕ್ಯಾಂಪ್‌ಗಳು ಹುಟ್ಟಿದ್ದು ಕಾಲುವೆಯಿಂದ.

ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಅದರ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಸೀಮೆ ದಾಟಿ ರಾಯಚೂರಿನವರೆಗೆ ಬರುತ್ತದೆ, ಸುಮಾರು 227 ಕಿಲೋಮೀಟರ್. ಅದಕ್ಕೂ ಮೊದಲು ಇದು ಜೋಳ, ಸಜ್ಜೆ, ಹತ್ತಿಯ ನಾಡು. ಮಳೆ ನೋಡಿ ಬಿತ್ತಿ ಗೊತ್ತಿದ್ದ ನಮ್ಮ ಹಿರಿಯರಿಗೆ ಕಾಲುವೆ ನೀರಿನ ಬೇಸಾಯ ಹೊಸದು. ಕರಾವಳಿ ಆಂಧ್ರದ ರೈತರಿಗೆ ಅದು ಕರಗತ. ಅವರು ಅಲ್ಲಿನ ತುಂಡು ಜಮೀನು ಮಾರಿ, ಆ ದುಡ್ಡಿಗೆ ಇಲ್ಲಿ ಅದರ ಎಷ್ಟೋ ಪಟ್ಟು ಹೊಲ ಹಿಡಿದರು. ಊರೊಳಗೆ ಮನೆ ಮಾಡಲಿಲ್ಲ. ಹೊಲದಲ್ಲೇ ಗುಡಿಸಲು ಹಾಕಿಕೊಂಡು, ನೆಲ ಮಟ್ಟ ಮಾಡಿ, ಭತ್ತ ಹಚ್ಚಿದರು. ಆ ಗುಡಿಸಲುಗಳ ಗುಂಪಿಗೆ ಕ್ಯಾಂಪ್ ಅಂದರು. ಆಮೇಲೆ ಆರ್‌ಸಿಸಿ ಮನೆಗಳು ಎದ್ದವು, ರಾಮಾಲಯ ಬಂತು, ರೈಸ್ ಮಿಲ್ ಬಂತು. ಹೆಸರು ಮಾತ್ರ ಇನ್ನೂ ಕ್ಯಾಂಪೇ. ಗಂಗಾವತಿ ಹತ್ತಿರದ ಶ್ರೀರಾಮನಗರ, ಸಿಂಧನೂರು ಹತ್ತಿರದ ಗಾಂಧಿನಗರ ಹೆಸರಲ್ಲಿ ‘ನಗರ’ ಇಟ್ಟುಕೊಂಡಿವೆ. ಜನ ಅವನ್ನೂ ಕ್ಯಾಂಪಿನ ಲೆಕ್ಕಕ್ಕೇ ಹಾಕುತ್ತಾರೆ.

ನೀವು ಇಲ್ಲಿ ಹೆಚ್ಚು ಕೇಳುವ ಮಾತು ‘ಊರವರು’ ಮತ್ತು ‘ಕ್ಯಾಂಪಿನವರು’. ಮೂರನೇ ತಲೆಮಾರು ಬಂದರೂ ಈ ಭೇದ ಹೋಗಿಲ್ಲ. ‘ಕ್ಯಾಂಪಿನವರು ಹೆಂಗ್ ದುಡೀತಾರ ನೋಡ್ರಿ’ ಅನ್ನುವಾಗ ಅದರಲ್ಲಿ ಮೆಚ್ಚುಗೆಯೂ ಇರುತ್ತದೆ, ಹೊಟ್ಟೆಕಿಚ್ಚೂ ಇರುತ್ತದೆ. ಅಂದು ಹೊಲ ಮಾರಿದ ಮನೆಯವರು ಮುಂದೆ ಅದೇ ಗದ್ದೆಗೆ ಕೂಲಿಗೆ ಹೋದದ್ದುಂಟು, ಅದು ಸುಮ್ನೆ ಮರೆಯುವ ಸಂಗತಿ ಅಲ್ಲ. ಇನ್ನೊಂದು ಜಗಳ ನೀರಿನದು. ಈ ಕಾಲುವೆ ಮಾಡಿದ್ದು ಬಹುಪಾಲು ಕಡಿಮೆ ನೀರಿನ ಬೆಳೆಗೆ. ಮೇಲಿನ ಭಾಗದಲ್ಲಿ ಭತ್ತ ಜಾಸ್ತಿಯಾದಂತೆ ಕೊನೆ ಭಾಗದ ಮಾನ್ವಿ, ರಾಯಚೂರು ಕಡೆಯವರು ನೀರಿಗಾಗಿ ರಸ್ತೆಗಿಳಿಯಬೇಕಾಯಿತು. ಈಗ ಊರವರೂ ಭತ್ತವನ್ನೇ ಹಚ್ಚುತ್ತಾರೆ. ಬೈಗುಳ ಮಾತ್ರ ಕ್ಯಾಂಪಿನವರಿಗೆ! ಭಾಷೆಯ ವಿಚಾರಕ್ಕೆ ಅಷ್ಟು ಬಿಗುವಿಲ್ಲ. ಪೇಟೆಯ ಅಂಗಡಿಯವರು ತೆಲುಗಿನಲ್ಲೇ ವ್ಯಾಪಾರ ಮುಗಿಸುತ್ತಾರೆ, ಕ್ಯಾಂಪಿನ ಹುಡುಗರು ‘ಎಲ್ಲಿಗೆ ಹೊಂಟೀರಿ’ ಅಂತ ನಮ್ಮ ಹಾಗೇ ಕೇಳುತ್ತಾರೆ.

ಸಿಂಧನೂರಿನವರು ‘ಆರ್‌.ಎಚ್. ಕ್ಯಾಂಪ್’ ಅಂದರೆ ಅದು ಬೇರೆಯೇ. ಆರ್.ಎಚ್. ಅಂದರೆ ರಿಹ್ಯಾಬಿಲಿಟೇಷನ್, ಪುನರ್ವಸತಿ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಜಮೀನು ಕೊಟ್ಟು ನೆಲೆ ಮಾಡಿದ ಜಾಗ. ಇಂಥ ಕ್ಯಾಂಪ್ ಹಲವು ಇವೆ, ಇವಕ್ಕೆ ಹೆಸರಿಲ್ಲ, ನಂಬರ್ ಇದೆ. ಆಂಧ್ರದವರು ದುಡ್ಡು ತಂದು ಬಂದವರು, ಇವರು ಎಲ್ಲ ಬಿಟ್ಟು ಬಂದವರು. ಎರಡಕ್ಕೂ ಒಂದೇ ಹೆಸರು ಅಂದರೆ ಹೊರಗಿನವರಿಗೆ ಗೊಂದಲ ಆಗದೆ ಇರುತ್ತದೆಯೇ? ಇಲ್ಲಿ ಬಂಗಾಳಿ ಕೇಳುತ್ತದೆ, ದುರ್ಗಾ ಪೂಜೆ ನಡೆಯುತ್ತದೆ. ಪೌರತ್ವದ ಕಾಗದಕ್ಕಾಗಿ ಅನೇಕರು ವರ್ಷಗಟ್ಟಲೆ ಅಲೆದಿದ್ದಾರೆ. 2024ರಲ್ಲಿ, ಪೌರತ್ವ ತಿದ್ದುಪಡಿ ಕಾಯ್ದೆಯಡಿ (ಸಿಎಎ), ಕೆಲವರಿಗೆ ಅದು ಸಿಕ್ಕಿತು.

ರಾಯಚೂರಿನ ಪಕ್ಕದ ಯರಮರಸ್ ಕ್ಯಾಂಪ್ ನೀರಾವರಿ ಇಲಾಖೆಯದು. ಜಾತ್ರೆಯ ಹೊತ್ತಿಗೆ ನಾಟಕ ಕಂಪನಿಯವರು ಟೆಂಟ್ ಹಾಕಿದರೆ ಅದೂ ಕ್ಯಾಂಪ್. ಕಲೆಕ್ಷನ್ ಬಂದರೆ ‘ಈ ಕ್ಯಾಂಪ್ ಚಲೋ ಆತು’ ಅನ್ನುತ್ತಾರೆ, ಬರದಿದ್ದರೆ ಪರದೆ ಸುತ್ತಿ ಮುಂದಿನ ಊರು. ಕಣ್ಣು ತಪಾಸಣೆಯ ಕ್ಯಾಂಪ್ ನಿಮ್ಮಲ್ಲೂ ಇದೆ ಅಲ್ವಾ? ಚುನಾವಣೆ ಹತ್ತಿರ ಬಂದಾಗ ‘ಅವ್ರು ಯಾರ ಕ್ಯಾಂಪಿನ್ಯಾಗ ಅದಾರ’ ಅಂತ ಕೇಳಿದರೆ ಅದು ಬಣ ರಾಜಕೀಯ, ಅಲ್ಲಿ ನೀವು ಬಾಯಿ ಹಾಕಬೇಡಿ.

ಕಚೇರಿಯಲ್ಲಿ ‘ಸಾಹೇಬ್ರು ಕ್ಯಾಂಪಿಗೆ ಹೋಗ್ಯಾರ್ರಿ’ ಅಂದರೆ ಸಾಹೇಬರು ಪ್ರವಾಸದಲ್ಲಿದ್ದಾರೆ, ಇವತ್ತು ಸಹಿ ಆಗುವುದಿಲ್ಲ ಅಂತ ತಿಳಿಯಿರಿ. ಯಾವ ಕ್ಯಾಂಪ್ ಅಂತ ಹುಡುಕಿಕೊಂಡು ಹೋಗಬೇಡಿ.

ಬಸ್ಸಿನಲ್ಲೂ ಸ್ವಲ್ಪ ಎಚ್ಚರ. ಎಷ್ಟೋ ಕ್ಯಾಂಪ್‌ಗಳು ಪಕ್ಕದ ಹಳ್ಳಿಯ ಹೆಸರನ್ನೇ ಇಟ್ಟುಕೊಂಡಿವೆ. ನೀವು ಬರೀ ಹಳ್ಳಿಯ ಹೆಸರು ಹೇಳಿದರೆ ಕಂಡಕ್ಟರ್ ‘ಊರಿಗೋ, ಕ್ಯಾಂಪಿಗೋ?’ ಅಂತ ಕೇಳುತ್ತಾರೆ. ತಪ್ಪು ಹೇಳಿದರೆ ಗದ್ದೆ ಬದುವಿನ ಮೇಲೆ ನಡೆಯಬೇಕಾದೀತು, ಅದೂ ನಮ್ಮ ಬಿಸಿಲಲ್ಲಿ. ಮನೆಯನ್ನು ಮೊದಲು ಸಿಂಧನೂರು ಪೇಟೆಯಲ್ಲೇ ನೋಡಿ.